ಎಂಟು ಸೀರೆಗಳ ಆಚೆಗಿನ ಸಮುದ್ರ

ನಿಜಾಮನ ಸೀಮೆಗೆ ಸಮುದ್ರವಿಲ್ಲ. ಈ ಸಂಗತಿ ನನಗೆ ತಿಳಿದದ್ದು ನನ್ನ ಮಗನಿಗೆ ಹನ್ನೊಂದು ವರ್ಷವಾಗಿದ್ದಾಗ, ಅವನ ಬಾಯಿಂದಲೇ. ನಾರಾಯಣಪೇಟೆಯ ಮದರಸಾದಲ್ಲಿ ಹೊಸದಾಗಿ ಒಂದು ನಕ್ಷೆ ತೂಗುಹಾಕಿದ್ದರಂತೆ. ಅದನ್ನು ನೋಡಿಕೊಂಡು ಬಂದವನು ಚೀಲ ಬಿಸಾಡಿ, ಒಲೆಯ ಬೂದಿಯಲ್ಲಿ ಬೆರಳಿನಿಂದ ನಮ್ಮ ರಾಜ್ಯವನ್ನು ಬರೆದು ತೋರಿಸಿದ. ಸುತ್ತಲೂ ಬರೀ ನೆಲ. ನೀರು ಮುಟ್ಟಬೇಕೆಂದರೆ ಇಂಗ್ರೇಜರ ಸೀಮೆ ದಾಟಿ ಹೋಗಬೇಕು. ಸಮುದ್ರಕ್ಕೆ ಆಚೆಯ ದಂಡೆಯೇ ಕಾಣುವುದಿಲ್ಲವೆಂದು ಮೌಲ್ವಿ ಸಾಹೇಬರು ಹೇಳಿದ್ದನ್ನು ಮೂರು ಸಲ ಹೇಳಿದ.

ಬೇರೆ ದಿನವಾಗಿದ್ದರೆ ಬೂದಿ ಕೆದರಿದ್ದಕ್ಕೆ ಬೆನ್ನಿಗೊಂದು ಬಿಡುತ್ತಿದ್ದೆ. ಅವತ್ತು ರೊಟ್ಟಿ ಬಡಿಯುವುದನ್ನು ಬಿಟ್ಟು, ಸಮುದ್ರ ನೋಡುತ್ತೀಯಾ ಎಂದು ಕೇಳಿದೆ. ಯಾಕೆಂದರೆ ಅವತ್ತು ಬೆಳಿಗ್ಗೆಯೇ ಗದ್ವಾಲದ ಮಠದಿಂದ ಸುದ್ದಿ ಬಂದಿತ್ತು.

ಆ ಸುದ್ದಿಯ ಬೇರು ನನ್ನ ನಾಲಿಗೆಯಲ್ಲೇ ಇತ್ತು. ಹುಡುಗನಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು. ಅವನಿಗಿಂತ ಮೊದಲು ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟಿದ್ದೆ. ವೈದ್ಯರು ಕೈಚೆಲ್ಲಿದಾಗ ಕೂಸನ್ನು ಎತ್ತಿಕೊಂಡು ಗದ್ವಾಲಕ್ಕೆ ಹೋಗಿ, ಮಠದ ಮೆಟ್ಟಿಲ ಮೇಲೆ ಮಲಗಿಸಿ, ಉಳಿದರೆ ಇವನು ನಿಮ್ಮವನು ಎಂದುಬಿಟ್ಟೆ. ನನ್ನನ್ನು ಯಾರೂ ಕೇಳಿರಲಿಲ್ಲ. ಹಣ್ಣೋ ಕಾಯೋ ಹರಕೆ ಹೊತ್ತಿದ್ದರೆ ಸಾಕಾಗಿತ್ತು. ಮರುದಿನ ಕೂಸು ಬೆವರಿತು, ಕಣ್ಣು ಬಿಟ್ಟಿತು, ಹಸಿವೆಂದು ಅತ್ತಿತು. ಆಮೇಲೆ ಒಂಬತ್ತು ವರ್ಷ, ಮಠದವರು ಮರೆತಿದ್ದಾರೆ ಎನ್ನುವಂತೆ ನಾನು ಬದುಕಿದೆ. ವರ್ಷಕ್ಕೊಮ್ಮೆ ಅಲ್ಲಿಂದ ಅವನ ಹೆಸರಿಗೇ ವಿಭೂತಿ ಬರುತ್ತಿತ್ತು, ನಮ್ಮ ಹೆಸರಿಗಲ್ಲ. ಅದನ್ನು ಪ್ರೀತಿ ಎಂದುಕೊಂಡು ಹಣೆಗೆ ಹಚ್ಚುತ್ತಿದ್ದೆ.

ಮಠದಿಂದ ಬಂದಿದ್ದ ವಯಸ್ಸಾದ ಜಂಗಮರು ದಿನವನ್ನೂ ಹೇಳಿ ಹೋಗಿದ್ದರು. ಕಾರ್ತೀಕದ ಕಡೆಯ ಸೋಮವಾರ ದೀಕ್ಷೆ. ಅವತ್ತಿನಿಂದ ಅವನು ಮಠದ ಮರಿ, ಮುಂದಿನ ಸ್ವಾಮಿ. ನನ್ನನ್ನು ಅವ್ವ ಎನ್ನುವ ಹಾಗಿಲ್ಲ. ನಾನೇ ಅವನ ಪಾದಕ್ಕೆ ಬಿದ್ದು ಅಪ್ಪಾರೇ ಎನ್ನಬೇಕು. ಓಣಿಯ ಹೆಂಗಸರು ಬಂದು, ಏನು ಪುಣ್ಯ ಮಾಡಿದ್ದೀ ಎಂದು ಹೊಗಳಿ ಹೋದರು. ಅವರ ಮಕ್ಕಳೆಲ್ಲ ಹೊರಗೆ ಗೋಲಿ ಆಡುತ್ತಿದ್ದರು. ನನಗೆ ಆ ಹೆಂಗಸರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕೊಡುವ ಮೊದಲು ಹುಡುಗನಿಗೆ ಸಮುದ್ರ ತೋರಿಸಬೇಕು, ಮೂವರೂ ಮದರಾಸಿಗೆ ಹೋಗಿ ನಾಲ್ಕು ದಿನ ಇದ್ದು ಬರಬೇಕು ಎಂದು ಗಂಡನಿಗೆ ಹೇಳಿದೆ. ಅವರು ಮಾತಿನ ಮನುಷ್ಯರಲ್ಲ. ಮಗ್ಗದ ಕಡೆ ನೋಡಿದರು. ನನಗೆ ಅರ್ಥವಾಯಿತು. ಪಂಚಮಿ ಮುಗಿದ ಮೇಲೆ ಮಗ್ಗಕ್ಕೆ ಉದ್ದನೂಲಿನ ಹೊಸ ಹಾಸು ಏರಿಸಿದ್ದೆವು. ನಮ್ಮ ಪೇಟೆಯಲ್ಲಿ ಒಂದು ಹಾಸು ಎಂದರೆ ಎಂಟು ಸೀರೆ. ಎಂಟನೆಯದು ಮುಗಿಯುವವರೆಗೆ ಮಗ್ಗ ಬಿಡುವಂತಿಲ್ಲ. ಅದರ ಮೇಲೆ ನಮ್ಮತ್ತೆಯ ಕಟ್ಟಳೆ ಬೇರೆ. ಹಾಸು ಅರ್ಧಕ್ಕಿರುವಾಗ ಮನೆಯಿಂದ ಯಾರೂ ದೂರದ ಪ್ರಯಾಣ ಹೊರಡಬಾರದು, ಮನೆಯಿಂದ ಹೆಣ್ಣು ಕೊಡಬಾರದು, ಗಂಡು ಕೊಡಬಾರದು. ಸರಿ, ಎಂಟು ಸೀರೆ ದಸರೆಯ ಹೊತ್ತಿಗೆ ಮುಗಿಯುತ್ತವೆ, ದಸರೆ ಆದ ಮೇಲೆ ಮದರಾಸು, ದೀಪಾವಳಿಗೆ ವಾಪಸು, ಆಮೇಲೆ ಗದ್ವಾಲ. ಹಾಗೆಂದು ಹುಡುಗನ ಮುಂದೆಯೇ ತೀರ್ಮಾನವಾಯಿತು.

ಹುಡುಗ ಅವನಪ್ಪ ಇಳಿದು ಕೂತು ನೇಯುವ ಮಗ್ಗದ ಕುಣಿಯ ಪಕ್ಕದ ಗೋಡೆಗೆ ಕುಂಕುಮದಲ್ಲಿ ಎಂಟು ಗೀಟು ಎಳೆದ. ಒಂದು ಸೀರೆ ಮುಗಿದರೆ ಒಂದು ಗೀಟಿನ ಮೇಲೆ ಅಡ್ಡ ಗೀಟು. ಪ್ರಯಾಣದ ಪೂರ್ತಿ ಯಜಮಾನಿಕೆ ಅವನದೇ ಆಯಿತು. ಮಕ್ತಲ್‌ನ ಸಾಹುಕಾರರ ಗುಮಾಸ್ತರು ರೇಷ್ಮೆ ಕೊಡಲು ಬಂದಾಗಲೆಲ್ಲ ಅವರ ತಲೆ ತಿನ್ನುತ್ತಿದ್ದ. ಅವರು ಒಮ್ಮೆ ಮದರಾಸು ನೋಡಿದವರು. ನೀರು ಕುಡಿಯಲು ಬರುತ್ತದೆಯೇ, ರೈಲಿನಲ್ಲಿ ಕೂತರೆ ಸಮುದ್ರ ಎಡಕ್ಕೆ ಕಾಣುತ್ತದೆಯೋ ಬಲಕ್ಕೋ, ಉಸುಕಿನ ಮೇಲೆ ರೊಟ್ಟಿಗಂಟು ಬಿಚ್ಚಿದರೆ ಕಾಗೆ ಬರುತ್ತವೆಯೇ. ಪಾಪ, ಗುಮಾಸ್ತರು ಗೊತ್ತಿದ್ದಕ್ಕೂ ಗೊತ್ತಿಲ್ಲದ್ದಕ್ಕೂ ಉತ್ತರ ಹೇಳುತ್ತಿದ್ದರು. ಅಲೆ ಎಳೆದುಕೊಂಡು ಹೋಗುತ್ತದೆ ಎಂದು ಅವರು ಹೇಳಿದ ದಿನವೇ ಹುಡುಗ ಬಾವಿಯ ಹಳೆಯ ಹಗ್ಗ ತಂದಿಟ್ಟುಕೊಂಡ. ಮೂವರೂ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡು ನೀರಿಗೆ ಇಳಿಯಬೇಕಂತೆ. ಅಜ್ಜಿ ಬರುವವರಲ್ಲ, ಅವರಿಗೆ ಹಗ್ಗ ಬೇಕಿರಲಿಲ್ಲ. ಪಕ್ಕದಲ್ಲೇ ಕೃಷ್ಣೆ ಇರುವಾಗ ಉಪ್ಪುನೀರು ಯಾಕೆಂದು ಅವರು ಮೊದಲೇ ಮೂಗು ಮುರಿದಿದ್ದರು.

ಹನ್ನೊಂದರ ವಯಸ್ಸು ವಿಚಿತ್ರ. ಪೇಟೆಗೆ ಹೋದರೆ, ಅವ್ವನ ಜೊತೆ ಬಂದಿದ್ದಾನೆ ಎಂದು ಗೆಳೆಯರಿಗೆ ತಿಳಿಯಬಾರದೆಂದು ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ಮನೆಗೆ ಬಂದರೆ ರಾಟೆಯ ಪಕ್ಕದಲ್ಲಿ ನನ್ನ ತೊಡೆಗೆ ತಲೆಯಿಟ್ಟು ಮಲಗುತ್ತಿದ್ದ. ಮದರಾಸಿಗೆ ನಾನು ಕೆಂಪು ಸೀರೆ ಉಡಬಾರದು, ಉಪ್ಪುನೀರಿಗೆ ಬಣ್ಣ ಬಿಟ್ಟರೆ ಮರ್ಯಾದೆ ಹೋಗುತ್ತದೆ ಎಂದ. ಎರಡು ಕೌದಿ ಬೇಕೆಂದು ನಾನು, ಉಸುಕಿನಲ್ಲಿ ಕೌದಿ ಹೊದ್ದವರನ್ನು ಯಾರೂ ಕಂಡಿಲ್ಲವೆಂದು ಅವನು. ಆ ಜಗಳದಲ್ಲಿ ಅರ್ಧ ದಿನ ಮಾತು ಬಿಟ್ಟ. ಬೇರೆ ತಾಯಂದಿರು ನಗಬಹುದು. ನನಗೆ ಉಳಿದಿದ್ದೇ ಎಣಿಸಿದಷ್ಟು ದಿನ, ಅದರಲ್ಲಿ ಅರ್ಧ ದಿನ ಕೌದಿಗೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು.

ಮೂರನೆಯ ಗೀಟಿಗೆ ಅಡ್ಡ ಗೀಟು ಬಿದ್ದ ದಿನ ನಾನು ಗೋಡೆಯನ್ನು ಸರಿಯಾಗಿ ನೋಡಿದೆ. ಉಳಿದದ್ದು ಐದು. ಐದರ ಆಚೆಗೆ ಸಮುದ್ರ, ನಿಜ. ಸಮುದ್ರದ ಆಚೆಗೆ? ಅಲ್ಲಿಯವರೆಗೆ ಬೇಗ ಬೇಗ ಎಂದು ರಾಟೆ ತಿರುಗಿಸುತ್ತಿದ್ದ ನನ್ನ ಕೈ ಆಡದಾಯಿತು. ಲಾಳಿಗೆ ಹಾಕುವ ಕಂಡಿಕೆ ಎಂಬ ಸಣ್ಣ ಕೊಳವೆಗಳಿಗೆ ನೂಲು ಸುತ್ತುವುದು ನನ್ನ ಕೆಲಸ. ಕಂಡಿಕೆ ಇಲ್ಲದಿದ್ದರೆ ಮಗ್ಗ ನಡೆಯುವುದಿಲ್ಲ. ಅವತ್ತು ಸುತ್ತಿದ ಕಂಡಿಕೆಗಳಲ್ಲಿ ಒಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತೌಡಿನ ಗಡಿಗೆಯಲ್ಲಿ ಹೂತೆ.

ಕಳ್ಳತನ ನನ್ನ ಮನಸ್ಸಿನಲ್ಲಿರಲಿಲ್ಲ. ಸಾಹುಕಾರರ ರೇಷ್ಮೆ ಸಾಹುಕಾರರಿಗೇ ಸೇರಲಿ, ಸ್ವಲ್ಪ ತಡವಾಗಿ ಸೇರಲಿ, ಅಷ್ಟೇ. ಕಾರ್ತೀಕದ ಕಡೆಯ ಸೋಮವಾರಕ್ಕೆ ಹಾಸು ಅರ್ಧಕ್ಕೇ ಇದ್ದರೆ ಅತ್ತೆಯ ಕಟ್ಟಳೆ ಅಡ್ಡ ನಿಲ್ಲುತ್ತದೆ. ಮಠದವರು ಬಲ್ಲವರು, ನೇಕಾರರ ಮನೆಯ ಕಟ್ಟಳೆ ಮುರಿಯಲಾರರು. ಆ ಸೋಮವಾರ ದಾಟಿದರೆ ಮತ್ತೊಂದು ಕಾರ್ತೀಕ ಬರಬೇಕು. ಒಂದು ವರ್ಷ ಸಿಕ್ಕ ಹಾಗಾಯಿತು. ಸಮುದ್ರವನ್ನು ಆ ವರ್ಷದಲ್ಲಿ ಯಾವಾಗಾದರೂ ತೋರಿಸಿದರಾಯಿತು. ಇದು ನನ್ನ ಯೋಚನೆ. ಇದನ್ನು ಯಾರ ಮುಂದೆ ಹೇಳಿದ್ದರೂ ಹುಚ್ಚಿ ಎನ್ನುತ್ತಿದ್ದರು, ಅದಕ್ಕೇ ಯಾರಿಗೂ ಹೇಳಲಿಲ್ಲ.

ಆಮೇಲೆ ವಾರಕ್ಕೊಂದು, ಎರಡು. ನಾನು ಒಂದು ಬಚ್ಚಿಟ್ಟರೆ ಮೂರು ಕಡಿಮೆ ಬೀಳುತ್ತಿದ್ದವು. ಚಿಂತೆಯಲ್ಲಿ ಎಣಿಕೆ ತಪ್ಪುತ್ತಿದೆ ಎಂದುಕೊಂಡೆ. ಕಂಡಿಕೆ ಸಾಲುತ್ತಿಲ್ಲವಲ್ಲ ಎಂದು ಗಂಡ ಕುಣಿಯಿಂದ ತಲೆಯೆತ್ತಿ ನೋಡುವರು. ಹವೆ ತಂಪಾಗಿದೆ, ನೂಲು ಹರಿಯುತ್ತಿದೆ ಎಂದು ನಾನು ಸುಳ್ಳು ಹೇಳುವೆ. ಮದರಸಾದಿಂದ ಬಂದ ಮೇಲೆ ಹುಡುಗನೂ ನನ್ನ ಜೊತೆ ನೂಲು ಸುತ್ತುತ್ತಿದ್ದ. ಒಂದು ದಿನ ರೇಷ್ಮೆಯ ಇಡೀ ಲಡಿಯನ್ನೇ ಸಿಕ್ಕು ಮಾಡಿಟ್ಟ. ಬಿಡಿಸಲು ಎರಡು ದಿನ ಹಿಡಿಯಿತು. ನನಗೆ ಬೇಕಾಗಿದ್ದೂ ಅದೇ, ಆದರೂ ಅವನ ಕೆನ್ನೆಗೆ ಹೊಡೆದೆ. ನನ್ನ ಕಳ್ಳಮನಸ್ಸಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಂಡೆ. ಅವನು ಅಳಲಿಲ್ಲ. ನನ್ನ ಮುಖ ನೋಡುತ್ತಾ ಕೂತಿದ್ದ.

ದಸರೆಗೆ ನಾಲ್ಕೇ ಸೀರೆ ಆಗಿದ್ದವು. ಅವನು ಅತ್ತು ರಂಪ ಮಾಡುತ್ತಾನೆ ಎಂದು ಹೆದರಿದ್ದೆ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ನನಗೇ ಸಮಾಧಾನ ಹೇಳಿ ಗುಮಾಸ್ತರ ಹತ್ತಿರ ಇನ್ನಷ್ಟು ಪ್ರಶ್ನೆ ಕೇಳಲು ಹೋದ. ಹುಡುಗ ಎಷ್ಟು ಆಸೆ ಇಟ್ಟುಕೊಂಡಿದ್ದಾನೆ, ನಾನೆಂಥ ಪಾಪಿ ಎಂದು ಒಳಗೊಳಗೇ ಬೆಂದೆ. ಆದರೂ ಕೈ ನಿಲ್ಲಲಿಲ್ಲ. ದೀಪಾವಳಿಗೆ ಆರು. ಏಳನೆಯದು ಮುಗಿದು ಎಂಟನೆಯದು ಆಗಷ್ಟೇ ಸುರುವಾಗಿತ್ತು, ಜಂಗಮರು ಮತ್ತೆ ಬಂದರು.

ಅತ್ತೆ ಜಗಲಿಯ ಮೇಲೆ ಕೂತು ತಮ್ಮ ಕಟ್ಟಳೆಯನ್ನು ಗಟ್ಟಿಯಾಗಿ ಹೇಳಿದರು. ಹಾಸು ಮಗ್ಗದ ಮೇಲಿದೆ, ಈಗ ಮನೆಯಿಂದ ಕೂಸನ್ನು ಕೊಡಲು ಬರುವುದಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಗೆದ್ದೆ ಅಂದುಕೊಂಡಿದ್ದೆ.

ಜಂಗಮರು ದನಿ ಏರಿಸಲಿಲ್ಲ. "ಈಗ ನೀವು ಕೊಡೋದು ಏನೈತಿ ಬೇ? ಕೊಟ್ಟು ಒಂಬತ್ತು ವರ್ಷ ಆಗೈತಿ. ಮಠದ ಕೂಸು ಇಷ್ಟು ದಿನ ನಿಮ್ಮನ್ಯಾಗ ಬೆಳದೈತಿ, ಅಷ್ಟ," ಎಂದರು.

ನಾನು ಸೆರಗು ಜಾರಿದ್ದೂ ತಿಳಿಯದೆ ಹೊರಗೆ ಬಂದು ಜಂಗಮರ ಕಾಲು ಹಿಡಿದೆ. ವರ್ಷ ಬೇಡ, ತಿಂಗಳು ಬೇಡ, ಮದರಾಸಿಗೆ ಹೋಗಿ ಬರುವಷ್ಟು ದಿನ ಕೊಡಿ ಎಂದು ಬೇಡಿಕೊಂಡೆ. ಅವರು ಬೆರಳು ಮಡಿಚಿ ಎಣಿಸಿದರು. ದೀಕ್ಷೆಗೆ ಹನ್ನೆರಡು ದಿನ ಉಳಿದಿದ್ದವು. ಅದಕ್ಕೆ ಏಳು ದಿನ ಮೊದಲೇ ಹುಡುಗ ಮಠದಲ್ಲಿರಬೇಕು. ಉಳಿದ ಐದು ದಿನದಲ್ಲಿ ಬಂಡಿ, ರೈಲು, ಮದರಾಸು, ಮತ್ತೆ ರೈಲು, ಮತ್ತೆ ಬಂಡಿ, ಗದ್ವಾಲ. ಆಗದು ಎಂದರು. ಅವರ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಬಾರದು.

ಆಗ ನನಗೆ ತಿಳಿದದ್ದು ಇಷ್ಟು. ನಾನು ಬಚ್ಚಿಟ್ಟ ಕಂಡಿಕೆಗಳು ಮಠದ ದಿನವನ್ನು ಕೂದಲೆಳೆಯಷ್ಟೂ ಸರಿಸಿರಲಿಲ್ಲ. ಅವು ನುಂಗಿದ್ದು ಸಮುದ್ರವನ್ನು ಮಾತ್ರ. ನನ್ನ ಮಗ ಜೀವಮಾನದಲ್ಲಿ ಆಸೆಪಟ್ಟದ್ದು ಒಂದೇ ಒಂದು, ಅದನ್ನು ನಾನೇ ನನ್ನ ಕೈಯಾರೆ ತೌಡಿನಲ್ಲಿ ಹೂತಿದ್ದೆ.

ಮೂರನೆಯ ದಿನ ಬಂಡಿ ಕಟ್ಟಿದೆವು. ಮಕ್ತಲ್‌ನಲ್ಲಿ ಎತ್ತು ಬಿಚ್ಚಿ ನೀರು ಕುಡಿಸಿ, ಮರುದಿನ ಕೃಷ್ಣೆಯ ದಂಡೆಗೆ ಬಂದಾಗ ಬಿಸಿಲು ಏರಿತ್ತು. ಆ ಸಲ ಮಳೆ ಚೆನ್ನಾಗಿ ಆಗಿದ್ದರಿಂದ ಹೊಳೆ ಇನ್ನೂ ತುಂಬಿಕೊಂಡೇ ಹರಿಯುತ್ತಿತ್ತು. ಹರಿಗೋಲಿನಲ್ಲಿ ಗಂಡ ಅಂಬಿಗನ ಕಡೆ ಕೂತರು. ನಾನೂ ಹುಡುಗನೂ ಇನ್ನೊಂದು ಬದಿಗೆ. ಅವನ ಗಂಟಿನಲ್ಲಿ ಆ ಬಾವಿಹಗ್ಗ ಇರಲಿಲ್ಲ, ಅದನ್ನು ಮತ್ತೆ ಬಾವಿಯ ಹತ್ತಿರವೇ ಇಟ್ಟು ಬಂದಿದ್ದ. ನಡುನೀರಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ನೋಡು, ಇದೂ ಸಮುದ್ರಕ್ಕೇ ಹೋಗುವ ನೀರು, ಸಮುದ್ರವೂ ಹೀಗೇ ಇರುತ್ತದೆ ಎಂದೆ. ಏನು ಹೇಳುತ್ತಿದ್ದೇನೆ ಎಂದು ನನಗೇ ನಾಚಿಕೆಯಾಯಿತು.

ಅವನು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದ. "ಆಚಿ ದಂಡಿ ಕಾಣ್ತೈತವ್ವ," ಎಂದ.

ಅಷ್ಟಕ್ಕೆ ನನ್ನ ಕಟ್ಟೆ ಒಡೆಯಿತು. ಕಂಡಿಕೆ ಬಚ್ಚಿಟ್ಟದ್ದು, ಮಗ್ಗ ತಡೆದದ್ದು, ಅವನ ಸಮುದ್ರ ಹಾಳು ಮಾಡಿದ್ದು ನಾನೇ ಎಂಬುದನ್ನು ಎಲ್ಲಾ ಹೇಳಿದೆ. ಹೊಡಿ ನನ್ನನ್ನು, ನಾಳೆಯಿಂದ ನಾನು ಬೈಸಿಕೊಳ್ಳಲೂ ಸಿಗುವುದಿಲ್ಲ ಎಂದೆ.

ಅವನು ನೀರಿನಲ್ಲಿ ಕೈಯಾಡಿಸುತ್ತಾ ತಲೆ ತಗ್ಗಿಸಿ ಕೂತಿದ್ದ. "ನೀ ಬಚ್ಚಿಟ್ಟಿದ್ದು ನಂಗ ಗೊತ್ತೈತಿ. ನಾನೂ ಬಚ್ಚಿಟ್ಟೀನಿ," ಎಂದ. ಕೈ ನೀರಿನಿಂದ ತೆಗೆದು ಹೇಳಿದ, "ಜ್ವಾಳದ ಗುಮ್ಮಿ ಹಿಂದ ಅದಾವು. ಅಪ್ಪಗ ಕೊಡು. ನಂಗ ಸಮುದ್ರ ಬೇಕಾಗಿರಲಿಲ್ಲವ್ವ. ಹೋಗಾಕ ತಯಾರಿ ಮಾಡ್ಕೊಂತ ಮನ್ಯಾಗ ಇದ್ರ ಸಾಕಾಗಿತ್ತು."

ನಾನು ಅವನ ಒದ್ದೆ ಕೈ ಹಿಡಿದುಕೊಂಡೆ. ದಂಡೆ ಮುಟ್ಟುವವರೆಗೂ ಅವನು ಬಿಡಿಸಿಕೊಳ್ಳಲಿಲ್ಲ.

ಗದ್ವಾಲದಲ್ಲಿ ನಡೆದದ್ದನ್ನು ಹೆಚ್ಚು ಹೇಳಲಾರೆ. ಮಠದ ಮೆಟ್ಟಿಲುಗಳನ್ನು ಅವನು ನನಗಿಂತ ಹತ್ತು ಹೆಜ್ಜೆ ಮುಂದೆ ಏರಿದ, ಪೇಟೆಯಲ್ಲಿ ನಡೆಯುತ್ತಿದ್ದ ಹಾಗೆಯೇ. ದೀಕ್ಷೆಯ ದಿನ ಎಲ್ಲರಂತೆ ನಾನೂ ಸರದಿಯಲ್ಲಿ ನಿಂತು ಪಾದಕ್ಕೆ ಬಿದ್ದೆ. ಕಾವಿಯ ಅಂಚಿನ ಕೆಳಗೆ ಕಂಡದ್ದು ನಾನು ಎಣ್ಣೆ ತಿಕ್ಕಿ ಬೆಳೆಸಿದ ಕಾಲು, ಬಲಗಾಲ ಹೆಬ್ಬೆರಳ ಉಗುರು ಎಡವಿ ಕಪ್ಪಾಗಿತ್ತು. ಯಾವಾಗ ಎಡವಿದ ಎಂದು ಕೇಳುವ ಹಾಗಿರಲಿಲ್ಲ. ಅಪ್ಪಾರೇ ಎಂದೆ. ಮಠದವರು ಕಲಿಸಿದ್ದಂತೆ ಅವನು ನನ್ನ ತಲೆಯ ಮೇಲಿಂದ ದೂರಕ್ಕೆ ನೋಡುತ್ತಿದ್ದ.

ಮನೆಗೆ ಬಂದು ಕೈಕಾಲು ತೊಳೆಯದೆ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಕೈ ಹಾಕಿದೆ. ಅವನ ಹಳೆಯ ಅಂಗಿಯಲ್ಲಿ ಕಟ್ಟಿಟ್ಟ ಗಂಟು ಸಿಕ್ಕಿತು. ತೌಡಿನ ಗಡಿಗೆಯಿಂದ ನನ್ನವನ್ನೂ ತೆಗೆದು, ಮಗ್ಗದ ಪಕ್ಕದಲ್ಲಿ ಎರಡು ಸಾಲಾಗಿ ಜೋಡಿಸಿದೆ. ಗಂಡ ಕುಣಿಯಲ್ಲಿ ಇಳಿದು ಕೂತು ನೋಡುತ್ತಿದ್ದರು. ನನ್ನ ಸಾಲಿನಲ್ಲಿ ಹನ್ನೊಂದು ಕಂಡಿಕೆಗಳಿದ್ದವು. ಅವನ ಸಾಲಿನಲ್ಲಿ ಇಪ್ಪತ್ತಾರು.