ಇನ್ಶೂರೆನ್ಸಿನವಳಿಗೆ ಅವ್ವ ಕೊಟ್ಟ ಉತ್ತರ

ನೇಪಾಳಕ್ಕೆ ಹೊರಟಿದ್ದ ನಮಗೆ ಪ್ರವಾಸದ ಇನ್ಶೂರೆನ್ಸು ಬೇಕಿತ್ತು. ಅವ್ವನಿಗೆ ಶುಗರ್, ಅಪ್ಪನ ಎದೆಯಲ್ಲಿ ಸ್ಟೆಂಟು, ನನಗೆ ಬಿಪಿ. ಹಳೇ ಕಾಯಿಲೆಗೆ ಒಂದು ಪೈಸೆಯೂ ಬರುವುದಿಲ್ಲ ಎಂದ ಮಂಡ್ಯದ ಏಜೆಂಟು. ಬರುತ್ತದೆ, ಆದರೆ ಜೀವಕ್ಕೇ ಅಪಾಯವಾಗಿರಬೇಕು ಎಂದ ಮದ್ದೂರಿನವನು. ಆ ಅಪಾಯ ಅಳೆಯುವವರು ಯಾರು ಮಾರಾಯ ಎಂದರೆ ಅವನು ತನ್ನ ಮೊಬೈಲು ನೋಡಿಕೊಂಡ. ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ಕೊನೆಗೆ ಆನ್‌ಲೈನಿನಲ್ಲಿ ಅಗ್ಗದ್ದೊಂದು ಸಿಕ್ಕಿತು; ಮೂವರದೂ ಅರ್ಜಿ ಹಾಕಿದೆ. ಕಾಯಿಲೆ ವಿಚಾರಿಸಲು ಆ ಕಂಪನಿಯ ಹುಡುಗಿ ಅವ್ವನಿಗೆ ಫೋನು ಮಾಡಿದಳು.

"ಆರೋಗ್ಯ ಹೇಗಿದೆಯಮ್ಮ? ಏನಾದರೂ ಕಾಯಿಲೆ ಇದೆಯಾ?"

ಇನ್ಸುಲಿನ್ ಸೂಜಿ ಕೈಯಲ್ಲಿ ಹಿಡಿದುಕೊಂಡೇ ಅವ್ವ, "ಏನೂ ಇಲ್ಲ ಕಣವ್ವ, ಚೆನ್ನಾಗಿವ್ನಿ. ನಿಂದು ಊಟ ಆಯ್ತಾ?" ಎಂದಳು.

ಅವ್ವ ಫೋನಿಟ್ಟದ್ದೇ, ಶುಗರ್ ಮುಚ್ಚಿಟ್ಟಳೆಂದು ನಾನು ರೇಗಿದೆ.

"ಗುರ್ತು ಪರಿಚಯ ಇಲ್ದಿರೋ ಎಣ್ಮಗ ಎಂಗಿದ್ದೀಯಮ್ಮ ಅಂದ್ರೆ, ಕಾಯ್ಲೆ ಪುರಾಣ ಬಿಚ್ಚಾಕಾಯ್ತದೇನ್ಲಾ?" ಎಂದಳು ಅವ್ವ.

ಸರಿಪಡಿಸೋಣವೆಂದು ಆ ನಂಬರಿಗೆ ನಾನೇ ಫೋನು ಮಾಡಿದೆ. ಬೇರೊಬ್ಬಳು ಎತ್ತಿ, "ಸಾರ್, ನಿಮ್ಮ ಅರ್ಜಿಯೂ ಬಾಕಿ ಇದೆ. ನಿಮ್ಮ ಆರೋಗ್ಯ ಹೇಗಿದೆ?" ಎಂದು ನಯವಾಗಿ ಕೇಳಿದಳು.

ಬೆಳಿಗ್ಗೆ ತಾನೇ ಬಿಪಿ ಮಾತ್ರೆ ನುಂಗಿದ್ದ ನಾನು, "ಚೆನ್ನಾಗಿದ್ದೀನಿ ಕಣಮ್ಮ" ಎಂದುಬಿಟ್ಟೆ.