ಕಪ್ಪು ಅಂಚಿನ ಕಾರ್ಡು

ಹೊಟ್ಟೆಕಿಚ್ಚು ಅಂದರೆ ಏನೆಂದು ನನ್ನನ್ನು ಕೇಳಬೇಕು. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ಗುಂಡ್ಲುಪೇಟೆಯ ಒಂದು ಹೊಲಿಗೆ ಮಿಷನ್ ಅಂಗಡಿಯಲ್ಲಿದ್ದೆ. ಯಜಮಾನರ ದೊಡ್ಡ ಅಂಗಡಿ ಚಾಮರಾಜನಗರದಲ್ಲಿ. ಅಲ್ಲಿಗೆ ನನಗಿಂತ ಎಷ್ಟೋ ಚಿಕ್ಕವಳೊಬ್ಬಳು ಹೊಸದಾಗಿ ಸೇರಿದಳು. ಸೇರಿದ ತಿಂಗಳಿಗೇ ಯಜಮಾನರ ಬಾಯಲ್ಲಿ ಅವಳದೇ ಮಾತು. ಅವಳು ಕಂಪ್ಯೂಟರ್ ಕಲಿತವಳಂತೆ, ಅವಳ ದನಿ ಜೇನಂತೆ. ಊರೂರು ಅಲೆದು, ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲ ಕಲಿಸಿ ಮಿಷನ್ ಮಾರಿದವಳು ನಾನು. ನನ್ನ ದನಿ ಯಾರಿಗೆ ಬೇಕು?

ಆಗ ಮಿಷನ್ ಕಂಪನಿಯವರಿಗೆ ಗಿರಾಕಿಗಳ ಅಭಿಪ್ರಾಯ ಬೇಕಾಯಿತು, ಅದೂ ಇಂಟರ್‌ನೆಟ್‌ನಲ್ಲಿ. ಚಾಮರಾಜನಗರದ ಕಂಪ್ಯೂಟರ್ ಸೆಂಟರಿಗೆ ಹೋಗಿ ಉತ್ತರ ಒತ್ತಬೇಕಂತೆ. ಕುದೇರಿನಿಂದ, ಭೀಮನಬೀಡಿನಿಂದ ಯಾರು ಕೂಲಿ ಬಿಟ್ಟು ಬಂದು ಒತ್ತುತ್ತಾರೆ? ಒಬ್ಬರೂ ಬರಲಿಲ್ಲ. ಸರಿ, ಫೋನಿನಲ್ಲೋ ಅಂಚೆಯಲ್ಲೋ ಹೇಳಲಿ ಎಂದು ಕಂಪನಿ ಒಪ್ಪಿತು. ಯಜಮಾನರು ಫೋನನ್ನು ಅವಳಿಗೆ ಕೊಟ್ಟರು, ಅಂಚೆಯನ್ನು ನನಗೆ. ಯಾರಿಗೆ ಹೆಚ್ಚು ಉತ್ತರ ಬರುತ್ತದೋ ಅವರಿಗೆ ಬೇಗೂರಿನಲ್ಲಿ ತೆರೆಯಲಿದ್ದ ಹೊಸ ಅಂಗಡಿಯ ಉಸ್ತುವಾರಿ ಎಂದರು. ಆ ಕುರ್ಚಿ ನನ್ನದೇ ಎಂದು ನಾನು ಯಾವತ್ತೋ ಮನಸ್ಸಿನಲ್ಲಿ ಕೂತುಬಿಟ್ಟಿದ್ದೆ.

ಕಾರ್ಡು ಅಚ್ಚು ಹಾಕಿಸಲು ಪ್ರೆಸ್ಸಿಗೆ ನಾನೇ ಹೋದೆ. ಬರೆಯಲು ಬಾರದವರು ಫೋನ್ ಮಾಡಲಿ ಎಂದು ಕೆಳಗೆ ಅವಳ ನಂಬರನ್ನೂ ಹಾಕಿಸಬೇಕಿತ್ತು, ಯಜಮಾನರ ಅಪ್ಪಣೆ. ನನ್ನ ಕಾರ್ಡಿನಲ್ಲಿ ಅವಳ ನಂಬರು! ಮೈಯೆಲ್ಲ ಉರಿಯಿತು. ಹಾಗಾದರೆ ನನ್ನ ಹೆಸರು ನಟ್ಟನಡುವೆ ದಪ್ಪಕ್ಷರದಲ್ಲಿರಲಿ ಎಂದೆ. ಸುತ್ತ ಚಂದಕ್ಕೊಂದು ಅಂಚೂ ಬರಲಿ ಎಂದೆ. ಪ್ರೆಸ್ಸಿನಲ್ಲಿ ಇದ್ದದ್ದು ಕಪ್ಪು ಶಾಯಿ. ಪ್ರಶ್ನೆಗಳು ಸಣ್ಣಕ್ಷರಕ್ಕೆ ಇಳಿದವು.

ಊರೂರಿನ ಗಿರಾಕಿಗಳಿಗೆಲ್ಲ ಕಳಿಸಿದೆ, ಒಂದು ಕಾರ್ಡೂ ವಾಪಸ್ ಬರಲಿಲ್ಲ. ಅಂಚೆಯವನಿಗಾಗಿ ಬಾಗಿಲಲ್ಲಿ ನಿಂತು ನಿಂತು ಕಾಲು ನೋವು ಬಂದದ್ದೇ ಬಂತು. ಅತ್ತ ಚಾಮರಾಜನಗರದಲ್ಲಿ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆಯಂತೆ. ಜನ ತಾವಾಗಿಯೇ ಮಾಡುತ್ತಿದ್ದಾರಂತೆ, ಅದೂ ನಮ್ಮ ಗುಂಡ್ಲುಪೇಟೆ ಕಡೆಯವರು! ಯಜಮಾನರು ಹೇಳಿದ್ದು ಕೇಳಿ ಅಂದು ಊಟ ಸೇರಲಿಲ್ಲ. ಆ ಫೋನಿನ ತಂತಿಯನ್ನು ಇಲಿಯಾದರೂ ಕಡಿಯಬಾರದೇ ಎಂದು ಮನಸಾರೆ ಬೇಡಿಕೊಂಡೆ.

ತಡೆಯಲಾರದೆ ಭೀಮನಬೀಡಿನ ಬಸ್ ಹತ್ತಿದೆ. ಅಲ್ಲಿ ನನ್ನ ಹಳೆಯ ಗಿರಾಕಿ ಒಬ್ಬಳು, ರವಿಕೆ ಹೊಲಿದು ಮನೆ ನಡೆಸುವವಳು. ಯಾಕಕ್ಕ ಕಾರ್ಡು ಬರೆಯಲಿಲ್ಲ ಎಂದು ಜಗಳಕ್ಕೇ ಹೋಗಿದ್ದೆ. ನನ್ನನ್ನು ಕಂಡವಳೇ ಮಿಷನ್ ಬಿಟ್ಟು ಓಡಿಬಂದು ನನ್ನ ಕೆನ್ನೆ, ತೋಳು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಹಿಡಿದುಕೊಂಡು ಅಳತೊಡಗಿದಳು.

“ಸುತ್ತ ಕರೀ ಅಂಚು, ಮಧ್ಯದಲ್ಲಿ ನಿನ್ ಎಸ್ರು ಕಣವ್ವ. ಸತ್ತೋರ ಕಾಗ್ದ ಅಂತ ಒಳೀಕೆ ತರ್ದೆ ಜಗ್ಲಿ ಮೇಲೇ ಅರ್ದಾಕ್ಬುಟ್ಟೆ.”

ನಮ್ಮ ಕಡೆ ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ತರುವುದಿಲ್ಲ, ಹೊರಗೇ ನೋಡಿ ಹರಿದುಹಾಕುತ್ತಾರೆ. ಅವಳು ನೋಡಿದ್ದು ನನ್ನ ಹೆಸರನ್ನಷ್ಟೇ. ನಂಬರಿದ್ದ ಚೂರನ್ನು ಇಟ್ಟುಕೊಂಡು ಬೇಗೂರಿಗೆ ಹೋಗಿ, ಬೂತಿನಿಂದ ಫೋನ್ ಮಾಡಿ, ಮಣ್ಣು ಮಾಡುವುದು ಯಾವಾಗ ಎಂದು ಕೇಳಿದ್ದಳು. ಆ ಜೇನಿನ ದನಿಯವಳು, ನಮ್ಮ ಅಂಗಡಿಯ ಅಕ್ಕ ಗುಂಡುಕಲ್ಲಿನ ಹಾಗಿದ್ದಾರೆ ಎಂದು ಸಮಾಧಾನ ಹೇಳಿ, ಅದೇ ಉಸಿರಿನಲ್ಲಿ ಮಿಷನ್ ಹೇಗಿದೆ ಎಂದು ಎಲ್ಲ ಪ್ರಶ್ನೆ ಕೇಳಿ ಮುಗಿಸಿದ್ದಳು. ನನಗೆ ಒಂದು ಮಾತು ತಿಳಿಸಿದ್ದಳೇ? ಇಲ್ಲ.

“ನೀ ಬದ್ಕಿದ್ದೀಯ ಅಂದ್ಲಲ್ಲ, ಆ ಖುಸೀಲಿ ಎಲ್ಲಾನೂ ಚೆನ್ನಾಗದೆ ಅಂದ್ಬುಟ್ಟೆ,” ಎಂದಳು ಅಕ್ಕ. “ಆದ್ರೂ ನಿನ್ನ ಕಣ್ಣಾರ ಕಾಣಗಂಟ ನಂಬ್ಕೆ ಇರ್ಲಿಲ್ಲ.”

ವಿಚಾರಿಸಿದರೆ, ಫೋನ್ ಮಾಡಿದವರೆಲ್ಲರ ಕಥೆಯೂ ಇದೇ. ಚಾಮರಾಜನಗರಕ್ಕೆ ಹೋಗಿ, ಆ ಉತ್ತರಗಳೆಲ್ಲ ನನ್ನ ಕಾರ್ಡಿನಿಂದ ಬಂದವು, ನನ್ನ ಜನರವು ಎಂದು ವಾದ ಮಾಡಿದೆ. ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಉತ್ತರ ಬರೆದುಕೊಂಡವಳು ಅವಳು ತಾನೇ ಎಂದರು. ಬೇಗೂರಿನ ಕೀಲಿಕೈ ಅವಳಿಗೇ ಹೋಯಿತು.

ಕುರ್ಚಿ ಹೋದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ನಾನು ಸತ್ತೆನೆಂದು ಅತ್ತವರ ಅಳುವೂ ಅವಳ ಲೆಕ್ಕಕ್ಕೇ ಜಮೆಯಾಯಿತಲ್ಲ, ಅದು ಮಾತ್ರ ಇವತ್ತಿಗೂ ಉರಿಯುತ್ತದೆ.