ಗಾಳಿಗೆ ಒಂದು ಚಿತ್ರ

ಆಗೆಲ್ಲ ನರ್ಸರಿ, ಎಲ್‌ಕೆಜಿ ಎಂಬ ಮಾತು ನಮ್ಮ ಕಡೆ ಸುಳಿದಿರಲಿಲ್ಲ. ಭರಮಸಾಗರದ ಹತ್ತಿರದ ನಮ್ಮ ಹಳ್ಳಿಯ ಮಕ್ಕಳಿಗೆ ಇದ್ದದ್ದು ಒಂದೇ ಕೋಣೆಯ ಅಂಗನವಾಡಿ. ಒಳಗೆ ಕಾಲಿಟ್ಟರೆ ಉಪ್ಪಿಟ್ಟಿನ ಒಗ್ಗರಣೆ, ಸೀಮೆಸುಣ್ಣ, ಯಾರೋ ಒದ್ದೆ ಮಾಡಿಟ್ಟ ಚಾಪೆ ಎಲ್ಲ ಸೇರಿದ ವಾಸನೆ. ನನಗೆ ಇವತ್ತಿಗೂ ಅದು ಇಷ್ಟ. ಮೂಗು ಮುರಿಯುವವರು ಮುರಿಯಲಿ.

ನಮ್ಮ ಟೀಚರ್ ಗಂಗಕ್ಕ. ಮೇಲಿನವರು ಕಳಿಸಿದ್ದ ಹವಾಮಾನದ ಚಾರ್ಟನ್ನು ಗೋಡೆಗೆ ತೂಗುಹಾಕಿದ್ದರು. ಅದರ ಅಂಚಿಗೆ ಸಾಲಾಗಿ ನಾಲ್ಕು ಚಿತ್ರ: ಬಿಸಿಲು, ಮೋಡ, ಮಳೆ, ಹಿಮ. ಹಿಮವನ್ನು ನಾವು ಚೆಲ್ಲಿದ ಮಂಡಕ್ಕಿ ಎಂದುಕೊಂಡಿದ್ದೆವು. ದಿನಕ್ಕೊಂದು ಮಗು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದು, ಕಂಡದ್ದನ್ನು ಎಲ್ಲರಿಗೂ ಹೇಳಿ, ಆ ಚಿತ್ರಕ್ಕೆ ಬಟ್ಟೆ ಕ್ಲಿಪ್ಪು ಸಿಕ್ಕಿಸಬೇಕು. ಸಿಕ್ಕಿಸಿದವರಿಗೆ ಹುರಿಗಡಲೆ ಉಂಡೆ ಎಲ್ಲರಿಗಿಂತ ಮೊದಲು.

ನನ್ನ ಸರದಿ ಬಂದದ್ದು ಆಷಾಢದಲ್ಲಿ. ಬಾಗಿಲು ದಾಟಿದ್ದೇ ತಡ, ಲಂಗ ಮುಖಕ್ಕೆ ಬಂತು, ಬಾಯಿಗೆ ಮಣ್ಣು ಬಂತು. ಕಣ್ಣು ಉಜ್ಜಿಕೊಳ್ಳುತ್ತಾ ಒಳಗೆ ಓಡಿದೆ.

“ಏನೈತವ್ವ ಹೊರಗೆ?” ಗಂಗಕ್ಕ ಕೇಳಿದರು.

“ಗಾಳಿ ಐತೆ.”

“ಹೌದು, ಮೋಡಕ್ಕೆ ಹಾಕು.”

“ಮೋಡ ಓಡಿಹೋಗ್ತಾ ಅವೆ. ಗಾಳೀನೇ ಇರೋದು.”

“ಚಾರ್ಟ್‌ನಾಗೆ ಗಾಳಿ ಇಲ್ವಲ್ಲ ತಾಯಿ.”

“ಅಂಗಳದಾಗೆ ಐತಲ್ಲ!”

ಮಕ್ಕಳೆಲ್ಲ ನಕ್ಕರು. ಗಂಗಕ್ಕ ನಗಲಿಲ್ಲ. “ಹಾಕಿದ್ರೆ ಉಂಡೆ. ಇಲ್ಲಾಂದ್ರೆ ಇಲ್ಲ, ನೋಡು.”

ನಾನು ಕ್ಲಿಪ್ಪನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ನಿಂತೆ. ಉಂಡೆ ಹಂಚಿಯಾಯಿತು. ಪಕ್ಕದ ಮನೆಯ ತಿಪ್ಪೇಶಿ ನನ್ನ ಎದುರಿಗೇ ಬಂದು ಬೆರಳು ನೆಕ್ಕಿದ. ಅಳು ಬಂತು, ಅತ್ತೆ. ಕ್ಲಿಪ್ಪು ಮಾತ್ರ ಹಾಕಲಿಲ್ಲ. ಮನೆಗೆ ಬಂದಾಗ ಅವ್ವ, “ಮೋಡ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?” ಎಂದಳು. ಮೋಡ ಅಲ್ಲದ್ದನ್ನು ಮೋಡ ಎನ್ನುವುದು ಹೇಗೆಂದು ನನಗೆ ತಿಳಿಯಲಿಲ್ಲ. ಈಗಲೂ ತಿಳಿಯುವುದಿಲ್ಲ.

ಮಾರನೆಯ ದಿನ ತಿಪ್ಪೇಶಿಯ ಸರದಿ. ಅವನು ಹೊಟ್ಟೆಬಾಕ, ಉಂಡೆಗಾಗಿ ಏನು ಬೇಕಾದರೂ ಹೇಳಿಯಾನು ಎಂದುಕೊಂಡೆ. ತಲೆ ತುಂಬ ಧೂಳು ಮಾಡಿಕೊಂಡು ಒಳಗೆ ಬಂದವನು ಚಾರ್ಟ್ ನೋಡಿದ, ಉಂಡೆಯ ಡಬ್ಬಿ ನೋಡಿದ, ಕೈ ಹಿಂದಕ್ಕೆ ಕಟ್ಟಿಕೊಂಡ.

“ನಂಗೂ ಗಾಳೀನೇ ಕಂಡಿದ್ದು ಟೀಚರ್.”

ಅದರ ಮರುದಿನ ಹೋದ ಹುಡುಗಿಯೂ ಗಾಳಿಯೆಂದಳು. ಗಂಗಕ್ಕ ಹಣೆ ಚಚ್ಚಿಕೊಂಡರು. “ಎಲ್ಲ ಸೇರ್ಕಂಡು ನನ್ನ ತಲೆ ತಿಂತೀರ ಕಣ್ರೋ!” ಎನ್ನುತ್ತಾ ಹಳೆ ಕ್ಯಾಲೆಂಡರಿನ ಹಾಳೆ ಹರಿದು ತಂದು ಕುಳಿತರು. “ಕಣ್ಣಿಗೆ ಕಾಣದ ಗಾಳೀನ ಹೆಂಗೆ ಬರೀಲಿ, ನೀವೇ ಹೇಳ್ರಿ.”

“ನಮ್ಮಪ್ಪನ ಲುಂಗಿ ಬರೀರಿ. ತಂತಿ ಮೇಲೆ ಹಾರಾಡ್ತಿರ್ತೈತೆ,” ಎಂದ ತಿಪ್ಪೇಶಿ.

ಗಂಗಕ್ಕ ನಗುನಗುತ್ತಲೇ ಲುಂಗಿ ಬರೆದು, ಹಿಮದ ಕೆಳಗೆ ಅಂಟಿಸಿದರು. ಮೊದಲ ಕ್ಲಿಪ್ಪು ನನ್ನಿಂದಲೇ ಹಾಕಿಸಿದರು. ಗೆದ್ದೆ ಎಂದು ಬೀಗಿದೆ. ಅವತ್ತಿನ ಉಂಡೆಯ ರುಚಿ ಬೇರೆಯೇ.

ಈಗ ನನ್ನ ಮಗಳು ಚಿತ್ರದುರ್ಗದಲ್ಲಿ ಎಲ್‌ಕೆಜಿ. ಅವಳ ಕ್ಲಾಸಿನಲ್ಲಿ ಹವಾಮಾನ ದೊಡ್ಡ ಟಿವಿಯಲ್ಲಿ ಬರುತ್ತದೆ. ಬಿಸಿಲು, ಮಳೆ, ಬಣ್ಣದ ಕೊಡೆ ಎಲ್ಲ ಅದರಲ್ಲೇ. ಕಿಟಕಿಯ ಗಾಜು ಸದಾ ಮುಚ್ಚಿರುತ್ತದೆ. ಅದರಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ಗಿರ್ರನೆ ತಿರುಗುತ್ತಿರುತ್ತವೆ. ಒಮ್ಮೆ ಹೋಗಿ ಕೇಳಿದೆ: “ಮಕ್ಕಳನ್ನ ಅಂಗಳಕ್ಕೆ ಬಿಡ್ರಿ ಮಿಸ್, ಅವೇ ನೋಡ್ಕಂಡು ಬರ್ಲಿ.”

“ಧೂಳು ಮೇಡಂ. ಪೇರೆಂಟ್ಸ್ ಜಗಳಕ್ಕೆ ಬರ್ತಾರೆ.”

“ನಾನೂ ಪೇರೆಂಟೇ. ಬಿಡದಿದ್ರೆ ಜಗಳಕ್ಕೆ ಬರ್ತೀನಿ,” ಎಂದೆ. ಅವರು ನಕ್ಕುಬಿಟ್ಟರು. ಕಿಟಕಿ ತೆರೆಯಲಿಲ್ಲ.

ಮೊನ್ನೆ ಬೆಳಗ್ಗೆ ವ್ಯಾನಿಗೆ ಕಾಯುತ್ತಾ ರಸ್ತೆ ಬದಿ ನಿಂತಿದ್ದೆವು. ಮಗಳ ಜಡೆಯ ರಿಬ್ಬನ್ನು ಗಾಳಿಗೆ ಅವಳ ಮುಖಕ್ಕೇ ಬಡಿಯುತ್ತಿತ್ತು. “ಇವತ್ತು ಹೊರಗೆ ಹೆಂಗೈತೆ ಪುಟ್ಟಿ?” ಎಂದೆ.

“ಮಿಸ್ ಇನ್ನೂ ಹೇಳಿಲ್ಲಮ್ಮ.”

ಕಂಡದ್ದನ್ನೇ ಹೇಳುತ್ತೇನೆ ಎಂಬ ಹಠ ನಮಗೆ ಆ ವಯಸ್ಸಿಗೇ ಇತ್ತು. ಅದನ್ನು ಇವಳ ಕೈಯಿಂದ ಯಾರು ಕಿತ್ತುಕೊಂಡರು? ವ್ಯಾನು ಬಂದು ಹಾರ್ನ್ ಹೊಡೆಯಿತು. ಹೊಡೆಯಲಿ ಎಂದು ಅವಳ ಕೈ ಬಿಡದೆ ನಿಂತೆ.

“ಮಿಸ್ ಹೇಳೋದು ಇರ್ಲಿ,” ಎಂದೆ, “ನೀ ಹೇಳು.”